ಅಂಬಮ್ಮನ ಮನೆಯ ಸುರುಳಿಕಲ್ಲು

ಅಂಬಮ್ಮನಿಗೆ ತಲೆ ಕೆಟ್ಟಿದೆ ಎಂದು ನಮ್ಮೂರಿನವರು ಹೇಳುತ್ತಿದ್ದರು. ನಮ್ಮೂರಿನವರ ತಲೆ ನೆಟ್ಟಗಿದ್ದದ್ದನ್ನು ನಾನು ಕಂಡದ್ದೇ ಕಡಿಮೆ. ಹಾಗಾಗಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಗಡಿ ತಾಲ್ಲೂಕಿನಲ್ಲಿ ಕೆಂಪಾಪುರ ದಾಟಿ ಸ್ವಲ್ಪ ಮುಂದೆ ಬಂದರೆ ನಮ್ಮೂರು. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ರಿಟೈರಾದವಳು ನಾನು. ಈಗಲೂ ಎಲ್ಲರ ಬಾಯಲ್ಲಿ ಟೀಚರಮ್ಮನೇ. ಅಂಬಮ್ಮನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ಅಲ್ಲಿ ಲೋಟ ಬಿದ್ದರೆ ಇಲ್ಲಿ ನನಗೆ ಎಚ್ಚರವಾಗುತ್ತದೆ.

ಆಕೆ ಹುಟ್ಟಿದ್ದು ಕನಕಪುರದ ಕಡೆ, ಕುರಿ ಸಾಕುವವರ ಮನೆಯಲ್ಲಿ. ಪುಟ್ಟಲಿಂಗಯ್ಯನನ್ನು ಮದುವೆಯಾಗಿ ಬಂದಾಗ ತವರಿನ ಕುರಿಗಳನ್ನೂ ಜೊತೆಗೆ ಹೊಡೆದುಕೊಂಡು ಬಂದಳು. ಗಂಡನದು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ಅವನು ಮಾತಿಗೆ ಜಿಪುಣ. ಹೂಂ ಎನ್ನಬೇಕಾದರೂ ಎರಡು ಸಲ ಯೋಚಿಸುವ ಆಸಾಮಿ. ಅಂಬಮ್ಮ ಅವನ ಪಾಲಿನ ಮಾತನ್ನೂ ತಾನೇ ಆಡಿಕೊಂಡು, ಕುರಿಗಳ ಜೊತೆ, ಬೇಲಿಯ ಜೊತೆ, ನನ್ನ ಜೊತೆ ಜಗಳವಾಡಿಕೊಂಡು, ಗಟ್ಟಿ ದನಿಯಲ್ಲಿ ಬಾಳುತ್ತಿದ್ದಳು. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಅನುಷಾ.

ಆ ಹುಡುಗಿ ಕುರಿಗಳ ಹಿಂದೆ ಹೋದರೆ ಲಂಗದ ಮಡಿಲ ತುಂಬ ಕಲ್ಲು ಕಟ್ಟಿಕೊಂಡು ಬರುತ್ತಿತ್ತು. “ಟೀಚರ್, ಇದ್ರೊಳಗೆ ಏನೈತೆ?” ಎಂದು ಒಂದೊಂದನ್ನೂ ನನ್ನ ಮೇಜಿನ ಮೇಲೆ ಇಡುವುದು. ನಮ್ಮದು ಬಂಡೆಗಳ ಸೀಮೆ. ಯಾವ ಕಡೆ ತಿರುಗಿದರೂ ಕಣ್ಣಿಗೆ ಕಲ್ಲೇ. “ಕಲ್ಲೊಳಗೆ ಕಲ್ಲಿರ್ತದೆ, ಮೊದ್ಲು ಮಗ್ಗಿ ಹೇಳು” ಎನ್ನುತ್ತಿದ್ದೆ. ಅದು ಮಗ್ಗಿಯನ್ನೂ ಹೇಳಿತು, ಕಲ್ಲನ್ನೂ ಬಿಡಲಿಲ್ಲ. ಮಾಗಡಿಯಲ್ಲಿ ಪಿಯುಸಿ ಮುಗಿಸಿ, ಬೆಂಗಳೂರಿನಲ್ಲಿ ಭೂವಿಜ್ಞಾನ ಓದಿ, ಸಂಶೋಧನೆಗೆ ಸೇರಿಕೊಂಡಿತು. ಗುಜರಾತಿನ ಕಚ್ಛಿಗೆ ಹೋಗಿ ಅಲ್ಲಿಂದ ಕಲ್ಲಾಗಿಹೋದ ಚಿಪ್ಪುಗಳನ್ನು ಹೊತ್ತು ತರುತ್ತಿತ್ತು. ಅಮ್ಮೊನೈಟ್ ಎಂದು ಅದಕ್ಕೆ ಹೆಸರು. ಜುರಾಸಿಕ್ ಕಾಲದಲ್ಲಿ ಕಚ್ಛಿನ ಆ ಒಣನೆಲ ಕಡಲಾಗಿತ್ತಂತೆ. ಆ ಕಡಲಿನಲ್ಲಿ ಸುರುಳಿ ಚಿಪ್ಪು ಹೊತ್ತು ಈಜುತ್ತಿದ್ದ, ಈಗ ಎಲ್ಲಿಯೂ ಇಲ್ಲದ ಒಂದು ಜೀವಿ ಅದು.

“ಸುರುಳಿ ಹೂವಿನಂಗೆ ಐತೆ ಕಣವ್ವ, ಅದ್ರ ಮೇಲೆಲ್ಲ ಪಕ್ಕೆಲುಬಿನಂಗೆ ಎದ್ದಿರೋ ಪಕ್ಕೆ ಪಕ್ಕೆ” ಎಂದು ಸ್ಪೀಕರ್ ಹಾಕಿದ ಫೋನಿನಲ್ಲಿ ತಾಯಿಗೆ ಹೇಳುವುದು ಗೋಡೆಯ ಈಚೆ ನನಗೂ ಕೇಳಿಸುತ್ತಿತ್ತು. ಅಂಬಮ್ಮನಿಗೆ ತಿಳಿದದ್ದು ಇಷ್ಟು: ಮಗಳು ಹೂವಿನ ಹಾಗೆ ಕೆತ್ತಿದ ಕಲ್ಲುಗಳನ್ನು ಹುಡುಕುತ್ತಾಳೆ.

ಕೊರೊನಾದ ಎರಡನೇ ಅಲೆಯಲ್ಲಿ ಅನುಷಾ ಸತ್ತಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪುಟ್ಟಲಿಂಗಯ್ಯ ದೂರದಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಟ್ಟನ್ನು ನೋಡಿದ. ಅದೇ ಮಗಳು ಎಂದು ಅಲ್ಲಿದ್ದವರು ಹೇಳಿದರು, ಇವನು ನಂಬಿದ. ಸುಟ್ಟದ್ದೂ ಅಲ್ಲೇ. ಹೂಳುವುದು ನಮ್ಮ ಕಡೆಯ ಪದ್ಧತಿ, ಆದರೆ ಆಗ ಯಾರ ಪದ್ಧತಿಯನ್ನು ಯಾರು ಕೇಳುತ್ತಿದ್ದರು? ಅಂಬಮ್ಮ ಆ ಕಟ್ಟನ್ನೂ ನೋಡಲಿಲ್ಲ. ಆಕೆಯ ಪಾಲಿಗೆ ಮನೆಗೆ ಬಂದದ್ದು ಹಾಸ್ಟೆಲಿನಿಂದ ಕಳಿಸಿದ ಒಂದು ಬ್ಯಾಗು. ಅದರಲ್ಲಿ ಬಟ್ಟೆ, ಫೋನು, ಮತ್ತು ಮಗಳ ವೇಲಿನಲ್ಲಿ ಸುತ್ತಿಟ್ಟ ಅಂಗೈಯಗಲದ ಒಂದು ಸುರುಳಿಕಲ್ಲು. ಲಾಕ್‌ಡೌನಿನಲ್ಲಿ ರೂಮಿನಲ್ಲೇ ಕೂತು ಚಿತ್ರ ಬರೆಯುವುದಕ್ಕೆ ಲ್ಯಾಬಿನಿಂದ ತಂದಿಟ್ಟುಕೊಂಡಿದ್ದಳಂತೆ.

ಅವರ ಮನೆತನದಲ್ಲಿ ಒಂದು ನಡಾವಳಿಯಿದೆ. ಆಯಸ್ಸು ತುಂಬುವ ಮೊದಲೇ ಸತ್ತವರಿಗೆ ಹೊಲದ ಬದುವಿನಲ್ಲಿ ಒಂದು ಕಲ್ಲು ಇಡುತ್ತಾರೆ. ಬದುಕದೆ ಉಳಿದ ವರ್ಷಗಳನ್ನು ಆ ಜೀವ ಆ ಕಲ್ಲಿನಲ್ಲಿ ಕಳೆಯುತ್ತದೆ ಎಂದು ನಂಬಿಕೆ. ಕಲ್ಲು ಖಾಲಿ ಇರಬೇಕು. ಒಂದು ಕಲ್ಲಿಗೆ ಒಂದೇ ಜೀವ. ಇಟ್ಟ ಮೇಲೆ ಅದನ್ನು ಕದಲಿಸುವಂತಿಲ್ಲ, ಮಗುಚುವಂತಿಲ್ಲ. ಅಂಬಮ್ಮ ಮಗಳ ಕಲ್ಲನ್ನು ಬದುವಿನಲ್ಲಿ ಇಡಲಿಲ್ಲ. “ಒಂದ್ ದಪ ಮುಖ ತೋರ್ಸ್ದೇ ಹೋದೋಳ್ನ ಬಯಲ್ನಾಗೆ ಮಲಗುಸ್ಲಾ?” ಎಂದು ಕೇಳಿ, ನಡುಮನೆಯ ಮೂಲೆಯಲ್ಲಿ ಭತ್ತದ ಮೇಲೆ ಆ ಸುರುಳಿಕಲ್ಲನ್ನೇ ಇಟ್ಟಳು.

ಅಂದಿನಿಂದ ಆ ಮನೆ ಬೇರೆಯಾಯಿತು. ಅಂಬಮ್ಮನ ದನಿ ಇಳಿಯಿತು. ನಿದ್ದೆ ಮಾಡುವ ಮಗು ಇರುವ ಮನೆಯಲ್ಲಿ ಮಾತಾಡುವಂತೆ ಪಿಸುಗುಟ್ಟುವುದನ್ನು ಕಲಿತಳು. ಬೆಳಗಾಗುವ ಹೊತ್ತಿಗೆ ಅನುಷಾಳ ಫೋನಿನ ಅಲಾರಾಂ ಹೊಡೆಯುತ್ತಿತ್ತು. ಅದರ ಬೀಗದ ಗುರುತು ಯಾರಿಗೂ ಗೊತ್ತಿಲ್ಲ, ಅದನ್ನು ತೆಗೆದುಹಾಕುವವರಿಲ್ಲ. ಹಾಗೇ ಬಿಟ್ಟಿದ್ದರೆ ಬ್ಯಾಟರಿ ಸತ್ತು ತೆಪ್ಪಗಾಗುತ್ತಿತ್ತು, ಆದರೆ ಅಂಬಮ್ಮ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಒಂದು ಪಿಯಾನೊ ಸದ್ದು, ಆಮೇಲೆ “ಎದ್ಯಾ ಮಗ?” ಎನ್ನುವ ಪಿಸುಮಾತು. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಆ ಎರಡನೆಯ ಸದ್ದು ಕೇಳಿದ ಮೇಲೆ ಹಾಸಿಗೆಯಲ್ಲಿ ಮಲಗಿರಲು ನನ್ನಿಂದ ಆಗುತ್ತಿರಲಿಲ್ಲ, ಎದ್ದು ಅಂಗಳ ಗುಡಿಸುತ್ತಿದ್ದೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು, ಕದ ಎಳೆದು ಮುಚ್ಚಿ, ಸತ್ತವರು ಬಂದು ಉಣ್ಣಲಿ ಎಂದು ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ವರ್ಷಕ್ಕೊಂದು ಸಲದ ಮಾತು ಅದು. ಅಂಬಮ್ಮ ಪ್ರತಿ ಅಮಾವಾಸ್ಯೆಗೂ ಇಡುತ್ತಿದ್ದಳು. ಬೆಳಿಗ್ಗೆಯೇ ಕಲ್ಲನ್ನು ಇದ್ದಲ್ಲೇ ತೊಳೆದು, ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿ, ಅದರ ಮುಖದಲ್ಲಿ ಕೊಳೆ ನಿಲ್ಲದಂತೆ ಮಾಡುತ್ತಿದ್ದಳು. ಸಂಜೆ ಮುದ್ದೆ, ಬೋಟಿ ಗೊಜ್ಜು, ಅನುಷಾಳಿಗೆ ಇಷ್ಟವಾದ ಕಜ್ಜಾಯ. ಒಂದು ಅಮಾವಾಸ್ಯೆ ನಾನೂ ಜಗುಲಿಯಲ್ಲಿ ಕೂತಿದ್ದೆ. ಕದ ತೆಗೆದಾಗ ಮುದ್ದೆಯ ಅಂಚು ಮುರಿದು, ಬೆರಳೊತ್ತಿದ ಗುರುತಿತ್ತು.

“ಇಲಿ ಕಣೆ” ಎಂದೆ.

“ಇಲಿ ಬೆರ್ಳಲ್ಲಿ ಮುರ್ಕಂಡು ತಿಂತದಾ ಟೀಚರಮ್ಮ?” ಎಂದು ಆಕೆ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ನಾನು ಮನೆಗೆ ಬಂದು ನನ್ನ ತಟ್ಟೆಯ ಅನ್ನಕ್ಕೆ ನೀರು ಹಾಕಿ ಮುಚ್ಚಿಟ್ಟೆ.

ಹೀಗೆ ಮೂರು ವರ್ಷ ಕಳೆಯಿತು. ಹೋದ ಸಂಕ್ರಾಂತಿಯಾದ ಮೇಲೆ ಬೈಕಿನಲ್ಲಿ ಒಬ್ಬ ಯುವಕ ಬಂದ. ಹೆಸರು ಶೋಯೆಬ್, ಅನುಷಾಳ ಜೊತೆ ಅದೇ ಲ್ಯಾಬಿನಲ್ಲಿ ಸಂಶೋಧನೆ ಮಾಡಿದವನು. ಊರು ಚನ್ನಪಟ್ಟಣ, ತಂದೆ ರಸೂಲ್ ಅಲ್ಲಿ ಬೊಂಬೆ ಕಡೆಯುವ ಕೆಲಸದವರು. ಮೋಟುಗೋಡೆಯ ಪಕ್ಕದಲ್ಲಿ ಎಲ್ಲರೂ ನಿಂತಿದ್ದೆವು. ಅವನು ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಅದೇ ಕಲ್ಲು. ಆದರೆ ಫೋಟೋದಲ್ಲಿ ಸುರುಳಿಯ ಮೇಲೆ ಪಕ್ಕೆಗಳು ಬಾಚಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತಿದ್ದವು.

“ಅಮ್ಮ, ಇದು ಹೊಸ ಜಾತಿ. ಇದುವರೆಗೂ ಯಾರೂ ಇದನ್ನ ವರ್ಣಿಸಿ ಬರೆದಿಲ್ಲ” ಎಂದ ಶೋಯೆಬ್. “ಅನುಷಾ ಗುರುತಿಸಿದ್ದು. ಲ್ಯಾಬಲ್ಲಿ ಉಳಿದಿರೋವೆಲ್ಲ ಚೂರುಗಳು. ಇಡಿಯಾಗಿರೋದು ಇದೊಂದೇ. ನಾನು ಮತ್ತು ನಮ್ಮ ಗೈಡು ಬರೆದು ಮುಗಿಸ್ತೀವಿ. ಜಾತಿಗೆ ಅನುಷಾ ಹೆಸರನ್ನೇ ಇಡ್ತೀವಿ. ಆದ್ರೆ ಹೆಸರು ನಿಲ್ಲಬೇಕು ಅಂದ್ರೆ ಮೂಲ ಕಲ್ಲು ಮ್ಯೂಸಿಯಮ್ಮಲ್ಲಿ ಇರ್ಬೇಕು, ಬೇಕಾದವರು ಬಂದು ನೋಡೋ ಹಾಗೆ. ಅದು ರೂಲ್ಸು.”

“ಎಷ್ಟ್ ದಿನಕ್ಕೆ?” ಎಂದಳು ಅಂಬಮ್ಮ.

“ಯಾವಾಗ್ಲೂ ಅಲ್ಲೇ ಇರ್ತದೆ ಅಮ್ಮ.”

ಅಂಬಮ್ಮ ಒಳಗೆ ಹೋಗಿ ಕದ ಹಾಕಿಕೊಂಡಳು. ಶೋಯೆಬ್ ಪಾಪ, ಏನು ತಪ್ಪಾಯಿತೆಂದು ನನ್ನ ಮುಖ ನೋಡಿದ. ನಾನೇ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಲ್ಲನ್ನು ಕೊಟ್ಟರೆ ಆಕೆಯ ಮಗಳು ಮನೆ ಬಿಟ್ಟು ಹೋಗುತ್ತಾಳೆ. ಕೊಡದಿದ್ದರೆ ಆ ಮಗಳ ಹೆಸರು ನಿಲ್ಲುವುದಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೇಳಿ, ನಂಬರು ಬರೆದುಕೊಟ್ಟು ಹೋದ.

ಆ ಮೇಲಿನ ದಿನಗಳಲ್ಲಿ ಪುಟ್ಟಲಿಂಗಯ್ಯ ಬಾಯಿಬಿಟ್ಟ. ಅವನು ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ನಾನು ನೋಡಿದ್ದು ಪ್ಲಾಸ್ಟಿಕ್ಕು ಕಣೆ. ಮಗಿನ ಮುಖ ನೋಡ್ನಿಲ್ಲ. ಯಾರೋ ಕೈ ತೋರುಸ್ದ್ರು, ಕೈ ಮುಗ್ದು ಬಂದ್ಬುಟ್ಟೆ. ಹೆಸ್ರನ್ನಾರ ನೋಡಾನೆ ಬುಡು. ಎಲ್ಲಾದ್ರೂ ಅಚ್ಚಾಗ್ಲಿ, ಬೆರ್ಳಿಟ್ಟು ನೋಡ್ತೀನಿ.” ಕೊನೆಗೆ ಒಂದು ದಿನ ಅಂಬಮ್ಮ, “ನೋಡ್ಕಂಡ್ ಹೋಗ್ಲಿ. ಮುಟ್ಟಂಗಿಲ್ಲ” ಎಂದಳು. ಶೋಯೆಬನಿಗೆ ಫೋನು ಮಾಡಿದವಳು ನಾನೇ.

ಅವನು ಬೆಳಿಗ್ಗೆಯೇ ಬಂದ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಮೂಲೆಯ ಮುಂದೆ ಮಂಡಿಯೂರಿ ಟಾರ್ಚನ್ನು ಓರೆಯಾಗಿ ಹಿಡಿದ. ಬಹಳ ಹೊತ್ತು ನೋಡಿದ. ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದು ಮತ್ತೆ ನೋಡಿದ. ಕಲ್ಲು ಕೈಯಲ್ಲಿ ಉಜ್ಜಿದ ಸೋಪಿನ ಹಾಗೆ ನುಣ್ಣಗಿತ್ತು. ಸುರುಳಿಯಿತ್ತು, ಪಕ್ಕೆಗಳಿರಲಿಲ್ಲ.

“ಇದಕ್ಕೆ ಏನು ಹಾಕ್ತೀರ ಅಮ್ಮ?”

“ಏನಿಲ್ಲ ಕಣಪ್ಪ. ಅಮಾಸೆಗೆ ಒಸಿ ಹುಣ್ಸೆಹಣ್ಣು ಹಾಕಿ ತಿಕ್ತೀನಿ. ಮೊದ್ಮೊದ್ಲು ಹಚ್ಚಿದ್ರೆ ನೊರೆ ಬರೋದು, ಕೊಳೆ ಬುಡ್ತದೆ ಅಂತವ ಇನ್ನೂ ತಿಕ್ತಿದ್ದೆ.”

ಶೋಯೆಬ್ ಟಾರ್ಚು ಆರಿಸಿದ. ನಮ್ಮ ಸೀಮೆಯ ಬಂಡೆಗೆ ಹುಳಿ ಹಚ್ಚಿದರೆ ಏನೂ ಆಗುವುದಿಲ್ಲ. ಇದು ಸುಣ್ಣದ ಕಲ್ಲು, ಹುಳಿ ಇದನ್ನು ತಿನ್ನುತ್ತದೆ ಎಂದು ಮೆಲ್ಲಗೆ ಹೇಳಿದ. “ಬೇರೆ ಜಾತಿ ಅಂತ ತೋರಿಸೋದಕ್ಕೆ ಆ ಪಕ್ಕೆಗಳೇ ಸಾಕ್ಷಿ ಆಗಿದ್ವು. ಈಗ ತಗೊಂಡ್ ಹೋಗಿಯೂ ಪ್ರಯೋಜನ ಇಲ್ಲ. ಇಲ್ಲೇ ಇರ್ಲಿ ಅಮ್ಮ” ಎಂದ. ಅಡಿಯ ಬದಿಯನ್ನೂ ಹೀಗೇ ತಿಕ್ಕಿದ್ದಾಳೆ ಎಂದು ಅವನು ತಿಳಿದಿದ್ದ. ಪುಟ್ಟಲಿಂಗಯ್ಯ ಎದ್ದು ಹೊರಗೆ ಹೋಗಿ ಕುರಿ ಕೂಡುವ ರೊಪ್ಪದ ಬಿದಿರು ಗಳು ಹಿಡಿದು ನಿಂತ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಹುಣಸೆಹಣ್ಣಿನ ಮೇಲೆ, ನನ್ನ ಮೇಲೆ, ಆ ಹಾಳು ಕಾಯಿಲೆಯ ಮೇಲೆ.

ಅಂಬಮ್ಮ ತನ್ನ ಎರಡೂ ಅಂಗೈಯನ್ನು ಮುಂದೆ ಹಿಡಿದು ನೋಡಿಕೊಂಡಳು. “ನಾನೇ ಅಳುಸ್ಬುಟ್ನಾ?” ಎಂದಳು. “ನನ್ ಮಗಿನ ಮುಖಾನ ನಾನೇ ತಿಕ್ಕಿ ತಿಕ್ಕಿ ಅಳುಸ್ಬುಟ್ನಾ?”

ಆಗ ಆಕೆ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸೆರಗು ಬಿಗಿದು ಸಿಕ್ಕಿಸಿಕೊಂಡು, ಮೂಲೆಯ ಮುಂದೆ ಕೂತು, ಮೂರು ವರ್ಷದಿಂದ ಕದಲಿಸದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿದಳು. ಮಗುಚುವಾಗ “ಎಚ್ರಾಯ್ತಾ ಮಗ” ಎಂದು ಕೇಳಿದಳು.

ಅಡಿಗೆ ಭತ್ತದ ಹೊಟ್ಟು ಅಂಟಿಕೊಂಡಿತ್ತು. ಹುಳಿ ಅಲ್ಲಿಗೆ ಮುಟ್ಟಿರಲಿಲ್ಲ. ಶೋಯೆಬ್ ಮೃದುವಾದ ಬ್ರಷ್ಷಿನಿಂದ ಹೊಟ್ಟು ಕೊಡವಿದ. ಅಲ್ಲಿದ್ದವು ಪಕ್ಕೆಗಳು, ಎಲ್ಲವೂ, ಫೋಟೋದಲ್ಲಿ ಕಂಡಂತೆ.

ಅವನು ಕಲ್ಲನ್ನು ಜಗುಲಿಯ ಬೆಳಕಿಗೆ ತರಲು ಕೇಳಿದ. ಅಂಬಮ್ಮನೇ ಎತ್ತಿಕೊಂಡು ಬಂದಳು, ಬಾಣಂತಿ ಕೂಸನ್ನು ತರುವ ಹಾಗೆ. ಬ್ಯಾಗಿನಿಂದ ಅವನು ಒಂದು ಗಾಜಿನ ಕೊಳವೆ ತೆಗೆದು ನವಸಾಗರದ ಪುಡಿ ಹಾಕಿದ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ನವಸಾಗರ. ಕೊಳವೆಯನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಅದರ ಹಿಂದಿನ ರಬ್ಬರ್ ಬುರುಡೆ ಒತ್ತಿದಾಗ ಬಿಳಿ ಹೊಗೆ ಬಂತು. ಅದನ್ನು ಕಲ್ಲಿನ ಮೇಲೆ ಬಿಟ್ಟ. ಕಂದು ಕಲ್ಲು ನೋಡನೋಡುತ್ತಾ ಬೆಳ್ಳಗಾಯಿತು. ಹೀಗೆ ಮಾಡಿದರೆ ಬಣ್ಣ ಮರೆಯಾಗಿ ಆಕಾರವಷ್ಟೇ ಉಳಿಯುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದ. ವಿಭೂತಿ ಬಳಿದು ಕೂರಿಸಿದ ಮುಖದಂತೆ ಅದು ನನ್ನ ಕಣ್ಣಿಗೆ ಕಂಡಿತು. ಅಂಬಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಫೋಟೋ ತೆಗೆದ ಮೇಲೆ ಶೋಯೆಬ್ ಅಳತೆ ಹಿಡಿಯುತ್ತಾ, ಕಂಡದ್ದನ್ನು ಫೋನಿಗೆ ಹೇಳುತ್ತಾ ಹೋದ. ಸುರುಳಿ ಸಡಿಲ, ಒಳಸುರುಳಿ ತೆರೆದು ಕಾಣುತ್ತದೆ. ಪಕ್ಕೆಗಳು ಮುಂದಕ್ಕೆ ಬಾಗಿವೆ, ನಡುವಿನಲ್ಲಿ ಎರಡಾಗಿ ಕವಲೊಡೆಯುತ್ತವೆ, ಬೆನ್ನಿನ ಮೇಲೆ ನಿಲ್ಲದೆ ಆಚೆ ಬದಿಗೆ ದಾಟುತ್ತವೆ. ಬಹಳ ಹೊತ್ತು ಕೇಳಿದ ಅಂಬಮ್ಮ, “ಕುರಿ ತಪ್ಸ್ಕಂಡ್ರೆ ನಾವೂ ಹಿಂಗೇ ಗುರ್ತು ಹೇಳದು ಕಣಪ್ಪ. ಕಿವಿ ಸೀಳೈತೆ, ಹಣೇಲಿ ಬೊಟ್ಟೈತೆ ಅಂತವ” ಎಂದಳು. “ಅದೇ ಅಮ್ಮ, ಅದೇ ಕೆಲಸ” ಎಂದು ಅವನು ನಕ್ಕ.

“ಹಂಗಾರೆ ಇದೂ ಜೀವ ಇದ್ದಿದ್ದಾ?”

“ಹೂಂ ಅಮ್ಮ. ಕಡಲಲ್ಲಿ ಈಜಾಡ್ಕೊಂಡು ಇತ್ತು. ಇದು ಅದರ ಮನೆ.”

ಅಂಬಮ್ಮನ ಮುಖ ಬದಲಾಯಿತು. ಇಷ್ಟು ವರ್ಷ ಆಕೆ ಅದನ್ನು ಹೂವಿನ ಹಾಗೆ ಕೆತ್ತಿದ ಕಲ್ಲೆಂದೇ ತಿಳಿದಿದ್ದಳು. ಮಗಳು ಹೇಳಿರಬಹುದು, ಆಕೆ ಹಾಗೆ ಕೇಳಿಸಿಕೊಂಡಿರಲಿಲ್ಲ. “ಸತ್ತಾಗ ಮರಿಯಾ?” ಎಂದು ಕೇಳಿದಳು.

ಶೋಯೆಬನಿಗೆ ಆ ಪ್ರಶ್ನೆ ಹಿತವಾಯಿತು. ಕೆಲಸ ಕೈಗೂಡಿದ ಖುಷಿಯಲ್ಲಿ, ಎದುರಿಗೆ ಯಾರಿದ್ದಾರೆ ಎಂಬುದನ್ನು ಒಂದು ಗಳಿಗೆ ಮರೆತ. “ಇಲ್ಲ ಅಮ್ಮ, ಪೂರ್ತಿ ಬೆಳೆದಿದ್ದು. ನೋಡಿ, ಬೆಳೀತಾ ಬೆಳೀತಾ ಅದು ಮನೆಯೊಳಗೆ ಒಂದೊಂದೇ ಗೋಡೆ ಕಟ್ಕೊಂಡು ಮುಂದೆ ಹೋಗ್ತದೆ. ಈ ಗೆರೆಗಳೇ ಆ ಗೋಡೆ. ಮೊದಲು ದೂರ ದೂರ ಇವೆ. ಕೊನೇಲಿ ಒತ್ತೊತ್ತಾಗಿ ಬಂದಿವೆ, ಅಂದ್ರೆ ಬೆಳವಣಿಗೆ ನಿಂತಿತ್ತು. ಬಾಯಿ ಪಕ್ಕ ಕಿವಿ ತರ ಚಾಚಿಕೊಂಡಿದೆಯಲ್ಲ, ಅದು ವಯಸ್ಸಿಗೆ ಬಂದ ಮೇಲೇ ಬರೋದು. ಇದು ತನ್ನ ಆಯಸ್ಸು ಪೂರ್ತಿ ಮುಗಿಸಿಯೇ ಸತ್ತಿದೆ.”

ಅಂಬಮ್ಮ ಕೈ ಚಾಚಿ ಆ ಒತ್ತಾದ ಗೆರೆಗಳನ್ನು ಮುಟ್ಟಿದಳು. ಬೆರಳಿಗೆ ಬಿಳಿ ಪುಡಿ ಹತ್ತಿತು. ಅದನ್ನು ಸೆರಗಿಗೆ ಒರೆಸಿಕೊಂಡಳು.

“ತಗಂಡ್ ಹೋಗಪ್ಪ” ಎಂದಳು.

ಪುಟ್ಟಲಿಂಗಯ್ಯ ರೊಪ್ಪದಿಂದ ಓಡಿಬಂದ. ಶೋಯೆಬ್ ನಂಬಲಾರದೆ, “ಅಮ್ಮ, ಅವಸರ ಇಲ್ಲ, ನೀವು ಯೋಚನೆ ಮಾಡಿ” ಎಂದ.

“ಯೋಚ್ನೆ ಮಾಡಕ್ಕೆ ಏನೈತೆ? ಇದ್ರಾಗೆ ಇದ್ದೋರು ನೆಮ್ಮದಿಯಾಗಿ ಬಾಳಿ, ಮನೆ ಕಟ್ಟಿ, ಮುಗುಸ್ಕಂಡು ಹೋಗವ್ರೆ. ಇದು ಖಾಲಿ ಕಲ್ಲಲ್ಲ, ಒಂದ್ ಕಲ್ಲಿಗೆ ಒಂದೇ ಜೀವ, ಇದ್ರ ವರ್ಸ ಎಲ್ಲ ಅದೇ ಬಾಳಿ ಮುಗ್ಸೈತೆ. ನಮ್ ಅನು ಇಪ್ಪತ್ತೇಳಕ್ಕೆ ಹೋದೋಳು. ಅವ್ಳಿಗೆ ಇಲ್ಲೆಲ್ಲೈತೆ ಜಾಗ? ಅವ್ಳು ಇದ್ರಾಗೆ ಇರ್ನೇ ಇಲ್ಲ ಕಣಪ್ಪ. ಒಂದು ದಿನಕ್ಕೂ ಇರ್ನಿಲ್ಲ.”

ತಾನು ಏನು ಹೇಳಿಬಿಟ್ಟೆನೆಂದು ಶೋಯೆಬನಿಗೆ ಆಗ ತಿಳಿಯಿತು. ಅವನ ಕಣ್ಣು ತುಂಬಿತು. ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟ. ಹೊರಡುವಾಗ ಆಕೆಯ ಕಾಲು ಮುಟ್ಟಲು ಬಾಗಿದ. ಆಕೆ ಅವನ ತಲೆ ಸವರಿ, “ಗುರ್ತು ಸರ್ಯಾಗಿ ಬರಿ, ಮಗ” ಎಂದಳು. ಪುಟ್ಟಲಿಂಗಯ್ಯ ಅವನನ್ನು ರಸ್ತೆಯವರೆಗೆ ಬಿಡಲು ಹೋದ. ಎಲ್ಲವೂ ಒಳ್ಳೆಯದೇ ಆಯಿತು, ಇನ್ನು ಈ ಮನೆಗೆ ಹಿಡಿದ ಗ್ರಹ ಬಿಟ್ಟಿತು ಎಂದುಕೊಂಡು ನಾನು ನನ್ನ ಮನೆಗೆ ಬಂದು ಅಕ್ಕಿ ಆರಿಸಲು ಕೂತೆ.

ಆಗ ಗೋಡೆಯಾಚೆ ಅಳು ಎದ್ದಿತು. ಹೆಣವನ್ನು ಬಾಗಿಲ ಮುಂದೆ ಮಲಗಿಸಿದಾಗ ಹೆಂಗಸರು ಹಾಡಿ ಹಾಡಿ ಅಳುವ ಅಳು ಅದು. ಮಗಳು ಸತ್ತ ದಿನ ಆಕೆ ಹಾಗೆ ಅತ್ತಿರಲಿಲ್ಲ, ಮುಂದೆ ಹೆಣವಿರಲಿಲ್ಲ. ಈಗ ಮೊದಲಿನ ಆ ಗಟ್ಟಿ ದನಿಯಲ್ಲಿ, ಹುಟ್ಟಿದ್ದು, ಅಂಬೆಗಾಲಿಟ್ಟದ್ದು, ಮಡಿಲಲ್ಲಿ ಕಲ್ಲು ತಂದದ್ದು, ಒಂದೊಂದನ್ನೇ ಹೇಳಿಕೊಂಡು ಅಳುತ್ತಿದ್ದಳು. ಕೇರಿಯ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದರು. “ಯಾರು ಟೀಚರಮ್ಮ? ಪುಟ್ಟಲಿಂಗಣ್ಣನಾ?” ಎಂದು ಎದುರು ಮನೆಯ ಸಿದ್ದಮ್ಮ ಎದೆ ಹಿಡಿದುಕೊಂಡು ಕೇಳಿದಳು.

“ಅನುಷಾ” ಎಂದೆ.

ಯಾರೂ ನಗಲಿಲ್ಲ. ತಲೆ ಕೆಟ್ಟಿದೆ ಎಂದು ಆಡಿಕೊಂಡವರೇ ಒಳಗೆ ಹೋಗಿ ಆಕೆಯ ಸುತ್ತ ಕೂತರು. ಸಿದ್ದಮ್ಮ ಆಕೆಯ ಹೆಗಲು ತಬ್ಬಿ ದನಿಗೂಡಿಸಿದಳು. ಗಂಡಸರು ಒಬ್ಬೊಬ್ಬರಾಗಿ ಬಂದು ಜಗುಲಿಯ ಮೇಲೆ ಕುಳಿತರು. ರಸ್ತೆಯಿಂದ ಹಿಂದಿರುಗಿದ ಪುಟ್ಟಲಿಂಗಯ್ಯ ಮನೆ ಮುಂದೆ ಜನ ನೆರೆದದ್ದು ಕಂಡು ದೂರದಲ್ಲೇ ನಿಂತ. ಆಮೇಲೆ ಬಂದು, ಸತ್ತವರ ತಂದೆ ಕೂರುವ ಜಾಗದಲ್ಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ಎಲ್ಲರೂ ಅವನಿಗೆ ಜಾಗ ಬಿಟ್ಟರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಾನು ಅನ್ನ ಸಾರು ಮಾಡಿಕೊಂಡು ಹೋದೆ. ಅಳು ನಿಂತು, ಬಂದವರೆಲ್ಲ ಹೋಗಿದ್ದರು. ಅಂಬಮ್ಮ ತಟ್ಟೆಯನ್ನು ಮುಂದಿಟ್ಟುಕೊಂಡು ನಡುಮನೆಯ ಆಚೀಚೆ ನೋಡಿದಳು, ಬಾಗಿಲನ್ನು ನೋಡಿದಳು, ತೊಲೆಗಳನ್ನು ನೋಡಿದಳು.

“ಹಂಗಾರೆ ಅವ್ಳು ಎಲ್ಲವ್ಳೆ ಟೀಚರಮ್ಮ?” ಎಂದಳು. “ಮೂರ್ ವರ್ಸದಿಂದ ಒಬ್ಳೇ ಎಲ್ಲವ್ಳೆ?”

ಗೊತ್ತಿಲ್ಲ ಎಂದೇ ಹೇಳಿದೆ. ಆಕೆ ಎದ್ದು ಹೋಗಿ, ಮುಚ್ಚಿದ್ದ ಮುಂಬಾಗಿಲನ್ನು ಪೂರ್ತಿ ತೆರೆದು, ತಿರುಗಿ ಬಂದು ಊಟಕ್ಕೆ ಕೂತಳು.